ರೇಟಿಂಗ್ ಕೇಳುವ ಮೊದಲು ಕ್ಲಾಕ್ ಎಷ್ಟಿತ್ತು ಅಂತ ಕೇಳಿ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಚೆಸ್ ಕಲಿಯುತ್ತಿರುವ ಮಕ್ಕಳ ಪಾಲಕರಿಗೆ ಈ ಬರಹ. ಟೂರ್ನಿ ನಡೆಸುವವರೂ ಓದಬೇಕು, ಅವರಿಗೆ ಇನ್ನೂ ಹೆಚ್ಚು ಸಂಬಂಧಪಟ್ಟದ್ದು.

"ಮಗಳ ರೇಟಿಂಗ್ ಎಷ್ಟಾಯ್ತು?" ಅಂತ ಎಲ್ಲರೂ ಕೇಳುತ್ತಾರೆ, ಯಾವ ರೇಟಿಂಗ್ ಅಂತ ಯಾರೂ ಕೇಳುವುದಿಲ್ಲ. ರೇಟಿಂಗ್ ಅಂದರೆ ಆಟಗಾರರ ಬಲ ಹೇಳುವ ಅಂಕಿ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಕೊಡುವುದು ಮೂರು ರೇಟಿಂಗ್: ಸ್ಟ್ಯಾಂಡರ್ಡ್, ರ್ಯಾಪಿಡ್, ಬ್ಲಿಟ್ಜ್. ರ್ಯಾಪಿಡ್‌ನಲ್ಲಿ ಗೆದ್ದ ಪಾಯಿಂಟ್ ಸ್ಟ್ಯಾಂಡರ್ಡ್‌ಗೆ ಸೇರುವುದಿಲ್ಲ. ಯಾವುದಕ್ಕೆ ಸೇರುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಪೋಸ್ಟರಿನ ಮೇಲಿನ ಹೆಸರಲ್ಲ, ಸಮಯದ ಲೆಕ್ಕ. ಆಟ 60 ನಡೆ ನಡೆಯುತ್ತದೆ ಅಂತ ಹಿಡಿದು, ಒಬ್ಬ ಆಟಗಾರನಿಗೆ ಸಿಗುವ ಮೂಲ ಸಮಯಕ್ಕೆ 60 ನಡೆಯ ಇನ್‌ಕ್ರಿಮೆಂಟ್ (ಪ್ರತಿ ನಡೆಗೆ ಕ್ಲಾಕಿನಲ್ಲಿ ಕೂಡುವ ಸೆಕೆಂಡ್) ಕೂಡಿಸಬೇಕು. 15 ನಿಮಿಷ, ನಡೆಗೆ 10 ಸೆಕೆಂಡ್ ಅಂದರೆ 15 + 10 = 25 ನಿಮಿಷ, ರ್ಯಾಪಿಡ್. 3+2 (3 ನಿಮಿಷ, ನಡೆಗೆ 2 ಸೆಕೆಂಡ್) ಅಂದರೆ 5 ನಿಮಿಷ, ಬ್ಲಿಟ್ಜ್. 10 ನಿಮಿಷ ಅಥವಾ ಕಡಿಮೆ ಇದ್ದರೆ ಬ್ಲಿಟ್ಜ್, 10ಕ್ಕಿಂತ ಹೆಚ್ಚು, 60ಕ್ಕಿಂತ ಕಡಿಮೆ ಇದ್ದರೆ ರ್ಯಾಪಿಡ್, 60 ಮುಟ್ಟಿದರೆ ಸ್ಟ್ಯಾಂಡರ್ಡ್. ಇನ್‌ಕ್ರಿಮೆಂಟ್ ಇಲ್ಲದ 10 ನಿಮಿಷದ ಆಟಕ್ಕೆ "ರ್ಯಾಪಿಡ್ ಟೂರ್ನಿ" ಅಂತ ಬ್ಯಾನರ್ ಹಾಕಿದರೂ ಫಿಡೆ ಲೆಕ್ಕದಲ್ಲಿ ಅದು ಬ್ಲಿಟ್ಜ್.

ಈ ಮೂರು ಅಂಕಿ ಒಂದೇ ಅಲ್ಲ ಅನ್ನುವುದಕ್ಕೆ 2018ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್ ನೆನಪಿಸಿಕೊಳ್ಳಿ. ಸ್ಟ್ಯಾಂಡರ್ಡ್‌ನಲ್ಲಿ ಆಗಿನ ಚಾಂಪಿಯನ್ ಕಾರ್ಲ್‌ಸನ್ 2835, ಸವಾಲು ಹಾಕಿದ ಕರುವಾನಾ 2832. ಬರೀ ಮೂರು ಪಾಯಿಂಟ್ ಅಂತರ, ಹನ್ನೆರಡು ಆಟ, ಹನ್ನೆರಡೂ ಡ್ರಾ. ಆದರೆ ರ್ಯಾಪಿಡ್‌ನಲ್ಲಿ ಕಾರ್ಲ್‌ಸನ್ ಹೆಚ್ಚುಕಡಿಮೆ 90 ಪಾಯಿಂಟ್ ಮುಂದಿದ್ದ. ಹನ್ನೆರಡನೆಯ ಆಟದಲ್ಲಿ ತನ್ನ ಸ್ಥಿತಿ ಚೆನ್ನಾಗಿದ್ದರೂ ಕಾರ್ಲ್‌ಸನ್ 31ನೇ ನಡೆಗೆ ಡ್ರಾ ಕೇಳಿದ. ಸಮವಾದಾಗ ಆಡಿಸುವ ಟೈಬ್ರೇಕ್‌ನಲ್ಲಿ 25 ನಿಮಿಷ, 10 ಸೆಕೆಂಡ್ ಇನ್‌ಕ್ರಿಮೆಂಟ್. ಅಲ್ಲಿ ಕಾರ್ಲ್‌ಸನ್ 3–0 ಗೆದ್ದ. ಜಗತ್ತಿನ ಮೊದಲ ಇಬ್ಬರಲ್ಲೇ ಕ್ಲಾಕ್ ಬದಲಾದರೆ ಇಷ್ಟು ವ್ಯತ್ಯಾಸ ಕಾಣುವಾಗ ನಾಲ್ಕನೇ ಕ್ಲಾಸಿನ ಮಕ್ಕಳಲ್ಲಿ ಎಷ್ಟಿರಬೇಡ.

ಯಾಕೆ ಹೀಗೆ ಅಂತ ನೋಡುವುದು ಸುಲಭ. 40 ನಡೆಯ ಆಟ ಅಂತಿಟ್ಟುಕೊಳ್ಳಿ. 15+10ರಲ್ಲಿ ಒಂದು ನಡೆಗೆ ಸಿಗುವುದು ಸರಾಸರಿ 32 ಸೆಕೆಂಡ್. 30+30ರಲ್ಲಿ 75 ಸೆಕೆಂಡ್. 90+30ರಲ್ಲಿ 2 ನಿಮಿಷ 45 ಸೆಕೆಂಡ್. ಮೂವತ್ತು ಸೆಕೆಂಡಿನಲ್ಲಿ ಮಗು ನೋಡುವುದು ಕುದುರೆ ಹೋಗುತ್ತದೋ, ಚೆಕ್ ಇದೆಯೋ ಅಷ್ಟೇ. ಎದುರಾಳಿಯ ಉತ್ತರ, ಅದಕ್ಕೆ ತನ್ನ ಉತ್ತರ, ಆಮೇಲೆ ಉಳಿಯುವ ಕಾಲಾಳುಗಳ ಎಂಡ್‌ಗೇಮ್, ಇದನ್ನೆಲ್ಲ ಲೆಕ್ಕ ಹಾಕಲು ಎರಡು ನಿಮಿಷವಾದರೂ ಬೇಕು.

ನಮ್ಮ ಜಿಲ್ಲೆಯ ತೊಂದರೆ ಇಲ್ಲೇ ಇದೆ. ಇಲ್ಲಿನ ಆಟ ಹೆಚ್ಚಾಗಿ ಭಾನುವಾರದ ಒಂದು ದಿನದ ಆಟ. ಸಂಜೆಯೊಳಗೆ ಬಹುಮಾನ ಕೊಟ್ಟು ಮುಗಿಸಬೇಕು, ಘಟ್ಟದ ಮೇಲಿನವರಿಗೆ ಬಸ್ ಸಿಗಬೇಕು, ಮಳೆಗಾಲದಲ್ಲಂತೂ ದೇವಿಮನೆ ಘಟ್ಟವನ್ನು ಕತ್ತಲಾದ ಮೇಲೆ ಇಳಿಯಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ಏಳು ರೌಂಡ್ ತುರುಕಿ, ಕ್ಲಾಕ್ ಕತ್ತರಿಸುತ್ತೇವೆ. ಅದನ್ನೇ ಆಡಿ ಬೆಳೆದ ಮಗು ಹುಬ್ಬಳ್ಳಿಗೋ ಮಂಗಳೂರಿಗೋ ಗೋವಾಕ್ಕೋ 90+30 ಆಡಲು ಹೋದಾಗ ಆಗುವುದು ಒಂದೇ: 25 ನಿಮಿಷಕ್ಕೆ ಆಟ ಮುಗಿಸಿ ಹೊರಗೆ ಬರುತ್ತದೆ, ಕ್ಲಾಕಿನಲ್ಲಿ ಇನ್ನೂ ಒಂದು ಗಂಟೆಗೂ ಹೆಚ್ಚು ಸಮಯ ಉಳಿದಿರುತ್ತದೆ. ಮಗುವಿಗೆ ಪ್ರತಿಭೆ ಕಡಿಮೆ ಅಂತ ಪಾಲಕರು ನೊಂದುಕೊಳ್ಳುತ್ತಾರೆ. ಕೂತು ಯೋಚಿಸುವ ಅಭ್ಯಾಸವನ್ನು ನಾವೇ ಕೊಟ್ಟಿಲ್ಲ.

ಇದರ ಬೆಲೆ ಲೆಕ್ಕದಲ್ಲಿ ಹೇಳುತ್ತೇನೆ. 18ರೊಳಗಿನವರಿಗೆ, ರೇಟಿಂಗ್ 2300ಕ್ಕಿಂತ ಕಡಿಮೆ ಇರುವ ತನಕ, ಸ್ಟ್ಯಾಂಡರ್ಡ್‌ನಲ್ಲಿ ಕೆ ಫ್ಯಾಕ್ಟರ್ (ನಿರೀಕ್ಷೆಗಿಂತ ಒಂದು ಅಂಕ ಹೆಚ್ಚುಕಡಿಮೆಯಾದರೆ ಬದಲಾಗುವ ರೇಟಿಂಗ್ ಪಾಯಿಂಟ್) 40. 1500 ಇರುವ ಮಗು ತನ್ನಷ್ಟೇ ರೇಟಿಂಗಿನ ಆರು ಜನರೊಡನೆ ಆಡಿದರೆ ನಿರೀಕ್ಷಿತ ಅಂಕ 3. ಗಡಿಬಿಡಿಯಲ್ಲಿ ಒಂದು ಗೆಲುವನ್ನು ಸೋಲಾಗಿಸಿಕೊಂಡು 2ಕ್ಕೆ ಬಂದರೆ 40 ಪಾಯಿಂಟ್ ಹೋಯಿತು. ಕೆ 20 ಇರುವ ದೊಡ್ಡವರಿಗೆ ಅದೇ ತಪ್ಪಿಗೆ 20 ಮಾತ್ರ.

ಹಾಗಾದರೆ ಏನು ಮಾಡಬಹುದು? 30+30 ಇಡಿ ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಲೆಕ್ಕಕ್ಕೆ ಸರಿಯಾಗಿ 60 ನಿಮಿಷ ಆಗುತ್ತದೆ, ಸ್ಟ್ಯಾಂಡರ್ಡ್ ರೇಟಿಂಗಿಗೆ ಸೇರುತ್ತದೆ. ಒಂದು ಆಟಕ್ಕೆ ಎರಡು ಗಂಟೆ ಹಿಡಿಯಿರಿ. ಶನಿವಾರ 9ಕ್ಕೆ, 11.15ಕ್ಕೆ, 2ಕ್ಕೆ ಮೂರು ರೌಂಡ್, ಭಾನುವಾರ ಮತ್ತೆ ಮೂರು. ನಾಲ್ಕೂವರೆಗೆ ಹಾಲ್ ಖಾಲಿ. ರೈಲಿಗೂ ಬಸ್ಸಿಗೂ ಅನುಕೂಲವಾಗಿರುವ ಕುಮಟಾ ಇದಕ್ಕೆ ಒಳ್ಳೆಯ ಜಾಗ, ಕರಾವಳಿಯವರೂ ಶಿರಸಿಯವರೂ ಬರಬಹುದು. 60 ನಡೆ ದಾಟುವ ಒಂದೆರಡು ಆಟ ಎಲ್ಲ ರೌಂಡಿನಲ್ಲೂ ಇರುತ್ತವೆ, ಊಟದ ಹೊತ್ತಿನ ಬಿಡುವು ಅದಕ್ಕೆ ಬೇಕೇ ಬೇಕು.

ಆದರೆ ಒಂದು ಎಚ್ಚರ. 60 ನಿಮಿಷ ಸಾಕಾಗುವುದು ಇಬ್ಬರೂ 1800ಕ್ಕಿಂತ ಕೆಳಗಿದ್ದರೆ ಮಾತ್ರ. ಒಬ್ಬರು 1800 ಅಥವಾ ಮೇಲಿದ್ದರೆ ಕನಿಷ್ಠ 90 ನಿಮಿಷ, 2400 ಅಥವಾ ಮೇಲಿದ್ದರೆ 120 ಬೇಕು. 30+30ರಲ್ಲಿ ನಿಮ್ಮ ಮಗು 1850ರವರನ್ನು ಸೋಲಿಸಿದರೂ ಆ ಆಟ ರೇಟಿಂಗಿಗೆ ಬರುವುದೇ ಇಲ್ಲ. ಆದ್ದರಿಂದ "1800ರ ಒಳಗಿನವರಿಗೆ" ಅಂತ ಪೋಸ್ಟರಿನಲ್ಲೇ ಹಾಕಿ. 1800 ದಾಟಿದವರೂ ಬೇಕಾದರೆ 60+30 ಇಡಿ, ದಿನಕ್ಕೆ ಎರಡೇ ರೌಂಡ್ ಆಗುತ್ತದೆ. ಇನ್ನೊಂದು: ಮೊದಲ ರೇಟಿಂಗ್ ಬರಲು ರೇಟಿಂಗ್ ಇರುವವರೊಡನೆ ಐದು ಆಟವಾದರೂ ಆಡಿರಬೇಕು. ನೂರು ಮಕ್ಕಳಲ್ಲಿ ಎಂಟು ಜನಕ್ಕೆ ಮಾತ್ರ ರೇಟಿಂಗ್ ಇದ್ದರೆ ಉಳಿದವರಿಗೆ ಅಷ್ಟು ಆಟ ಸಿಗುವುದಾದರೂ ಹೇಗೆ? ರೇಟಿಂಗ್ ಇದ್ದವರಿಗೆ ಎಂಟ್ರಿ ಫೀ ಬಿಟ್ಟುಕೊಟ್ಟಾದರೂ ಕರೆಸಿ.

ಹಳೆಯ ಸರ್ಟಿಫಿಕೇಟ್ ಇಟ್ಟುಕೊಂಡು ಹೋಲಿಸುವವರಿಗೆ ಒಂದು ಮಾತು. 2024ರ ಮಾರ್ಚ್ 1ರಂದು ಫಿಡೆ ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿ, 2000ದ ಕೆಳಗಿನವರ ಸ್ಟ್ಯಾಂಡರ್ಡ್ ರೇಟಿಂಗನ್ನು ಒಮ್ಮೆಗೇ ಹೆಚ್ಚಿಸಿತು. 1500 ಇದ್ದವರು 1700 ಆದರು. ಆಗಿನ 1500 ಮತ್ತು ಈಗಿನ 1500 ಒಂದೇ ಅಲ್ಲ. ಮೊಬೈಲ್ ಆ್ಯಪ್‌ನ ಅಂಕಿಯಂತೂ ಬೇರೆಯೇ ಗುಂಪಿನೊಳಗಿನ ಲೆಕ್ಕ, ಅದನ್ನು ಇದರ ಪಕ್ಕ ಇಡಬೇಡಿ.

ಪಾಲಕರು ಮನೆಯಲ್ಲೇ ಮಾಡಬಹುದಾದದ್ದೂ ಇದೆ. ಸ್ಕೋರ್‌ಶೀಟ್‌ನಲ್ಲಿ ನಡೆಯ ಜೊತೆ ಕ್ಲಾಕಿನ ಸಮಯ ಬರೆಯಲು ನಿಯಮ ಒಪ್ಪುತ್ತದೆ. ಪ್ರತಿ ಐದು ನಡೆಗೊಮ್ಮೆ ಉಳಿದ ಸಮಯ ಬರೆಯಲು ಮಗುವಿಗೆ ರೂಢಿ ಮಾಡಿಸಿ. ಆಟ ಮುಗಿದ ಮೇಲೆ ಕಂಪ್ಯೂಟರ್ ತೋರಿಸುವ ತಪ್ಪು ನಡೆಯ ಪಕ್ಕ ಆ ಸಮಯ ಇಟ್ಟು ನೋಡಿ. ಆನೆ ಬಿಟ್ಟುಕೊಟ್ಟ ನಡೆಯ ಆಚೀಚೆ ಐದು ನಡೆಗೆ ಒಂದೇ ನಿಮಿಷ ಖರ್ಚಾಗಿದ್ದರೆ ಅದು ಅವಸರ. ಒಂದೇ ಕಡೆ ಇಪ್ಪತ್ತು ನಿಮಿಷ ಹೋಗಿ ಆಮೇಲೆ ತಪ್ಪಿದ್ದರೆ ಅದು ಬೇರೆ ಕಾಯಿಲೆ, ಓಪನಿಂಗ್ ಗೊತ್ತಿಲ್ಲದ್ದು.

30 ಸೆಕೆಂಡ್ ಇನ್‌ಕ್ರಿಮೆಂಟ್ ಇದ್ದರೆ ಕೊನೆಯ ನಡೆಯವರೆಗೂ ಬರೆಯಲೇಬೇಕು. 45+15ರಂಥ ಆಟದಲ್ಲಿ ಐದು ನಿಮಿಷದೊಳಗೆ ಬಂದ ಮೇಲೆ ಬರೆಯದೆ ಇರಬಹುದು, ಆದರೆ ಅದೇ ಸ್ಥಿತಿ ಮೂರು ಸಲ ಬಂತು ಅಂತ ಡ್ರಾ ಕೇಳಲು ಆಗ ಕೈಯಲ್ಲಿ ದಾಖಲೆ ಇರುವುದಿಲ್ಲ. ಮತ್ತೆ, ಕ್ಲಾಕ್ ಹಾಕುವಾಗ ಇನ್‌ಕ್ರಿಮೆಂಟ್ ಸೇರಿಸಲು ಮರೆಯುವುದು ನಮ್ಮ ಕಡೆ ಸಾಮಾನ್ಯ. ಮೊದಲ ನಡೆ ಆಡಿ ಒತ್ತಿದ ಕೂಡಲೇ ಸೆಕೆಂಡ್ ಕೂಡಿತೋ ಇಲ್ಲವೋ ನೋಡು ಅಂತ ಮಗುವಿಗೆ ಹೇಳಿಕೊಡಿ. ಕೂಡದಿದ್ದರೆ ಆಗಲೇ ಕ್ಲಾಕ್ ನಿಲ್ಲಿಸಿ ಆರ್ಬಿಟರನ್ನು (ಆಟದ ತೀರ್ಪುಗಾರರನ್ನು) ಕರೆಯಬೇಕು, ಇಪ್ಪತ್ತನೇ ನಡೆಯ ತನಕ ಕಾಯಬಾರದು.