ದೊರೆ ಬಂಗಲೆಯಲ್ಲಿ ಅತ್ತೆಯವರು

ನುವರ ಎಲಿಯದಲ್ಲಿ ಹಳೇ ಕಾಲದ ಹೋಟೆಲು ಹುಡುಕುವುದು ಮಗಳಿಗೆ ವರ ಹುಡುಕಿದ ಹಾಗೆ. ಮನೆತನ ದೊಡ್ಡದು, ಫೋಟೋದಲ್ಲಿ ಲಕ್ಷಣವಾಗಿದೆ, ಊರವರೆಲ್ಲ ಒಳ್ಳೆ ಮಾತಾಡುತ್ತಾರೆ. ಆದರೆ ಬಚ್ಚಲಲ್ಲಿ ಬಿಸಿನೀರು ಬರುತ್ತದೋ ಇಲ್ಲವೋ ಅನ್ನುವುದು ಮಾತ್ರ ಮದುವೆಯಾದ ಮೇಲೇ ತಿಳಿಯುವುದು.

ಶ್ರೀಲಂಕಾದ ನಡುಬೆಟ್ಟಗಳಲ್ಲಿ 1868 ಮೀಟರ್ ಎತ್ತರದಲ್ಲಿದೆ ಈ ಊರು. ಕೊಲಂಬೊದ ಸೆಕೆ ತಾಳಲಾರದ ಬ್ರಿಟಿಷರು ಇಲ್ಲಿಗೆ ಹತ್ತಿ ಬಂದು ಗಾಲ್ಫ್ ಮೈದಾನ, ಕುದುರೆ ರೇಸು, ಕೆಂಪಿಟ್ಟಿಗೆಯ ಅಂಚೆ ಕಚೇರಿ ಎಲ್ಲ ಮಾಡಿಕೊಂಡು, ತಮ್ಮೂರಿನಲ್ಲೇ ಇದ್ದೇವೆ ಅಂತ ನಂಬಿಕೊಂಡು ಕಾಲ ಕಳೆದರು. ಅವರು ಹೋದರು, ಬಂಗಲೆಗಳು ಉಳಿದವು, ಉಳಿದವುಗಳಲ್ಲಿ ಬಹಳಷ್ಟು ಹೋಟೆಲಾದವು. ನಮಗೆ ಈ ಊರು ಬೇಕಾದದ್ದು ಅತ್ತೆಯವರಿಂದ. ಪಕ್ಕದಲ್ಲೇ ಸೀತಾ ಎಲಿಯ ಇದೆ, ಅದೇ ಅಶೋಕವನ ಅಂತ ಜನ ನಂಬುತ್ತಾರೆ. 'ಕಣ್ಣು ಮುಚ್ಚೋದ್ರೊಳಗೆ ಸೀತಮ್ಮ ಇದ್ದ ಜಾಗ ನೋಡ್ಬೇಕು' ಅಂದಿದ್ದರು.

ಹೋಟೆಲು ಆರಿಸಲು ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತೆವು. ಗ್ರ್ಯಾಂಡ್ ಹೋಟೆಲ್ ಮೊದಲು ಬಂತು. ಗವರ್ನರ್ ಎಡ್ವರ್ಡ್ ಬಾರ್ನ್ಸ್ ತನಗಾಗಿ ಕಟ್ಟಿಸಿಕೊಂಡಿದ್ದ ಮನೆ ಬೆಳೆದು ಹೋಟೆಲಾದದ್ದು. ನಾವು ನೋಡುತ್ತಿದ್ದದ್ದು ಏಪ್ರಿಲ್ ತಿಂಗಳಿಗೆ. ನಮ್ಮ ಮಕ್ಕಳ ಬೇಸಿಗೆ ರಜೆಯೂ ಆಗಲೇ, ಅಲ್ಲಿಯವರ ಹೊಸ ವರ್ಷವೂ ಆಗಲೇ, ಕುದುರೆ ರೇಸೂ ಆಗಲೇ. ಕೊಲಂಬೊಗೆ ಕೊಲಂಬೊವೇ ಬೆಟ್ಟ ಹತ್ತುವ ಸಮಯ. ಬಾಡಿಗೆ ನೋಡಿದ ಇವರು 'ಗವರ್ನರ್ ಸಂಬಳ ಇರೋರಿಗೆ ಸರಿ' ಅಂದು ಮುಂದಿನದಕ್ಕೆ ಹೋದರು.

ಮುಂದಿನದು ಹಿಲ್ ಕ್ಲಬ್, 1876ರದ್ದು. ಅಲ್ಲಿ ರಾತ್ರಿ ಊಟಕ್ಕೆ ಗಂಡಸರು ಕೋಟು, ಟೈ ಹಾಕಬೇಕೆಂಬುದು ಹೆಸರುವಾಸಿ ನಿಯಮ, ತರದೆ ಹೋದವರಿಗೆ ಅವರೇ ಒದಗಿಸುತ್ತಾರೆ. ಇವರು ನಮ್ಮ ರಿಸೆಪ್ಷನ್ನಿಗೇ ಟೈ ಕಟ್ಟದವರು. ಸೂಪು ಕುಡಿಯುವುದಕ್ಕೆ ಕಟ್ಟುತ್ತಾರೆಯೇ?

ಮಗಳಿಗೆ ಇಷ್ಟವಾದದ್ದು ಕಂದಪೊಲದ ಟೀ ಫ್ಯಾಕ್ಟರಿ ಎಂಬ ಹೋಟೆಲು. ನಿಜಕ್ಕೂ ಹಿಂದೆ ಚಹಾ ಕಾರ್ಖಾನೆಯೇ. ಕಿತ್ತು ತಂದ ಎಲೆಯನ್ನು ಹರಡಿ ಬಾಡಿಸುತ್ತಿದ್ದ ಮೇಲಿನ ಅಂತಸ್ತುಗಳಲ್ಲೇ ಈಗ ರೂಮುಗಳಿವೆ. ಅವಳು ಉತ್ಸಾಹದಿಂದ ಇದನ್ನೆಲ್ಲ ವಿವರಿಸಿದಳು. ಅತ್ತೆ ಕೇಳಿಸಿಕೊಂಡು, 'ನಾನು ಆಗ್ಲೇ ಬಾಡಿದೀನಿ ಕಣೇ, ಇನ್ನೂ ಅಟ್ಟಕ್ಕೆ ಯಾಕೆ ಹತ್ತಿಸ್ತೀರಾ' ಅಂದರು.

ಕೊನೆಗೆ ಉಳಿದದ್ದು ಒಂದು ಚಿಕ್ಕ ಪ್ಲಾಂಟರ್ ಬಂಗಲೆ, ಅಂದರೆ ತೋಟದ ಬಿಳಿ ದೊರೆ ಇದ್ದ ಮನೆ. ಹೆಸರು ಬೇಡ. 'ಮೊದಲ ದೊರೆ ಬಳಸುತ್ತಿದ್ದ ಅದೇ ಮಂಚ' ಅಂತ ಹೆಮ್ಮೆಯಿಂದ ಬರೆದುಕೊಂಡಿದ್ದರು. ಅತ್ತೆ ಕನ್ನಡಕ ಸರಿಮಾಡಿಕೊಂಡರು.

'ಅವನು ಸತ್ತಿದ್ದೆಲ್ಲಿ?'

'ವಾಪಸ್ ಇಂಗ್ಲೆಂಡಿಗೆ ಹೋಗಿ ಸತ್ತ ಅಮ್ಮ' ಅಂದರು ಇವರು, ರೆಪ್ಪೆ ಮಿಟುಕಿಸದೆ. ದೊರೆಯ ಸಾವಿನ ಸುದ್ದಿ ಇವರಿಗೆ ಯಾರು ಮುಟ್ಟಿಸಿದರೆಂದು ನಾನು ವಿಚಾರಿಸಲಿಲ್ಲ. ಆ ಮಾತಿನ ಮೇಲೆ ರೂಮು ಬುಕ್ ಆಯಿತು.

ಕ್ಯಾಂಡಿಯಿಂದ ರೈಲು ಹತ್ತಿ ನಾನುಓಯ ಎಂಬ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ವ್ಯಾನಿನಲ್ಲಿ ಮೇಲೆ ಬಂದೆವು. ಬಂಗಲೆ ಫೋಟೋದಲ್ಲಿದ್ದ ಹಾಗೇ ಇತ್ತು, ಶಬ್ದವೊಂದು ಫೋಟೋದಲ್ಲಿರಲಿಲ್ಲ. ಮರದ ನೆಲ ಕಾಲಿಟ್ಟಲ್ಲೆಲ್ಲ ಕಿರುಗುಟ್ಟುತ್ತಿತ್ತು. ರಾತ್ರಿ ಯಾರು ಬಚ್ಚಲಿಗೆ ಹೋದರು, ಎಷ್ಟು ಹೊತ್ತಿಗೆ ವಾಪಸ್ ಬಂದರು ಎಂಬುದು ಬಂಗಲೆಗೆಲ್ಲ ಗೊತ್ತಾಗುವ ವ್ಯವಸ್ಥೆ. ಅತ್ತೆಯ ಮಂಚದ ಎದುರಿನ ಗೋಡೆಯಲ್ಲಿ ಕೊಂಬಿನ ಕಡವೆ ತಲೆ. ಅದು ತಮ್ಮನ್ನೇ ನೋಡುತ್ತದೆ ಅಂತ ಅವರು ಅದರ ಮುಖಕ್ಕೆ ಟವೆಲು ಹೊದಿಸಿದರು. ಕೊಂಬಿನ ಮೇಲೆ ಒದ್ದೆ ಸೀರೆ ಹರವಿದ್ದು ಬೆಳಗ್ಗೆ ನೋಡಿದೆ.

ಮೊದಲ ರಾತ್ರಿ ಒಂಬತ್ತು ಗಂಟೆ ಹೊತ್ತಿಗೆ ಅವರ ಕೋಣೆಯಿಂದ ಕಿರುಚಾಟ. ಓಡಿದೆವು, ನೆಲವೂ ನಮ್ಮ ಜೊತೆ ಕಿರುಚಿತು.

'ಹಾಸಿಗೆಯೊಳಗೆ ಏನೋ ಬೆಚ್ಚಗೆ ಮಲ್ಕೊಂಡಿದೆ ಕಣೋ! ಕಾಲಿಟ್ರೆ ಮೆತ್ತಗೆ ಅಲ್ಲಾಡ್ತು!'

ಇವರು ಛತ್ರಿಯಿಂದ ಕಂಬಳಿ ಎತ್ತಿದರು. ಉಣ್ಣೆ ಕವಚ ತೊಟ್ಟ ರಬ್ಬರಿನ ಬಿಸಿನೀರಿನ ಚೀಲ. ಚಳಿಗೆ ಹಾಸಿಗೆ ಬೆಚ್ಚಗಿರಲೆಂದು ಸಂಜೆಯೇ ಇಟ್ಟು ಹೋಗುವುದು ಅಲ್ಲಿನ ಹಳೇ ಪದ್ಧತಿ. ದುರಂತವೆಂದರೆ ಇಡೀ ಬಂಗಲೆಯಲ್ಲಿ ಬಿಸಿನೀರು ಇದ್ದದ್ದು ಆ ಚೀಲದಲ್ಲಿ ಮಾತ್ರ. ನಲ್ಲಿಯಿಂದ ಬರುತ್ತಿದ್ದದ್ದು ಗಡಗಡ ಸದ್ದು, ಆಮೇಲೆ ಒಂದಿಷ್ಟು ತುಕ್ಕು, ಆಮೇಲೆ ಮಂಜುಗಡ್ಡೆಯ ತಮ್ಮ. ಇವರು ಮರುದಿನ ಆ ಚೀಲದ ನೀರಲ್ಲೇ ಗಡ್ಡ ಹೆರೆದುಕೊಂಡರು.

ಕಾಫಿಯದ್ದು ಬೇರೆ ರಾಮಾಯಣ. ಅತ್ತೆಯ ತವರು ಮೂಡಿಗೆರೆ ಕಡೆಯ ಕಾಫಿ ತೋಟ. ಬೆಳಗ್ಗೆ ಕಾಫಿ ಕೇಳಿದರೆ ತಟ್ಟೆಯಲ್ಲಿ ನಾಲ್ಕು ತರದ ಚಹಾ ಬಂತು. ಈ ಬೆಟ್ಟಗಳಲ್ಲೂ ಮೊದಲು ಇದ್ದದ್ದು ಕಾಫಿಯೇ, 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ತೋಟಗಳೆಲ್ಲ ನೆಲಕಚ್ಚಿದವು, ಅದಕ್ಕೆ ಎರಡು ವರ್ಷ ಮುಂಚೆ ಜೇಮ್ಸ್ ಟೇಲರ್ ಎಂಬಾತ ಲೂಲೆಕಂದೆರ ಎಂಬ ತೋಟದಲ್ಲಿ 19 ಎಕರೆಗೆ ಹಾಕಿದ್ದ ಚಹಾವೇ ಆಮೇಲೆ ಎಲ್ಲರಿಗೂ ದಿಕ್ಕಾಯಿತು ಅಂತ ಮಗಳು ಓದಿ ಹೇಳಿದಳು.

'ತುಕ್ಕು ರೋಗ ನಮ್ಮಲ್ಲೂ ಬಂದಿತ್ತು. ನಾವು ಬಿಟ್ವಾ?' ಅಂದರು ಅತ್ತೆ, ಚಹಾದ ಕಪ್ಪು ಅತ್ತ ಸರಿಸಿ.

ಕೆಲಸದ ಹುಡುಗ ತಮಿಳಿನವನು. ತೋಟದ ಆಳುಗಳಿಂದ ಕಲಿತ ತಮಿಳನ್ನು ಅತ್ತೆ ಅವನ ಮೇಲೆ ಪ್ರಯೋಗಿಸಿದರು. ಅವನ ಮುತ್ತಜ್ಜನ ಕಾಲದವರು ತಮಿಳುನಾಡಿಂದ ಕೂಲಿಗೆ ಬಂದವರಂತೆ, ಮನೆಯವರು ಇನ್ನೂ ಕೆಳಗೆ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲೇ ಇದ್ದಾರಂತೆ. ಕಾಫಿ ತೋಟದವರಿಗೆ ಲೈನ್ ಮನೆ ಅಂದರೆ ಬಿಡಿಸಿ ಹೇಳಬೇಕಿಲ್ಲ. ಬಂಗಲೆಯಷ್ಟೇ ಹಳೇದು ಆ ಲೈನೂ. ಅದಕ್ಕೆ ಬೋರ್ಡಿಲ್ಲ, ಮಂಚದ ಚರಿತ್ರೆಯಿಲ್ಲ. ಮಾರನೇ ದಿನ ಅವನು ಮನೆಯಿಂದ ಸ್ಟೀಲ್ ಲೋಟದಲ್ಲಿ ಕಾಫಿ ತಂದುಕೊಟ್ಟ. ಆ ಪ್ರವಾಸದಲ್ಲಿ ಅತ್ತೆ ಹೊಗಳಿದ ಏಕೈಕ ವಸ್ತು ಅದು.

ಸೀತಾ ಎಲಿಯದ ದೇವಸ್ಥಾನದ ಹತ್ತಿರ ಹೊಳೆಯ ಬಂಡೆಯಲ್ಲಿ ಹನುಮಂತನ ಹೆಜ್ಜೆ ಅಂತ ಗುಂಡಿಗಳನ್ನು ತೋರಿಸುತ್ತಾರೆ. ಅತ್ತೆ ಕೈಮುಗಿದರು, ಸುತ್ತಲ ಕಾಡು ನೋಡಿದರು, ಆಮೇಲೆ ಬಿಸಿನೀರಿನ ವಿಷಯವಾಗಿ ಬಂಗಲೆಗೆ ಫೋನು ಮಾಡುತ್ತಿದ್ದ ಮಗನ ಕಡೆ ತಿರುಗಿದರು.

'ಪಾಪ, ಸೀತಮ್ಮ ಇಲ್ಲಿ ಮರದ ಕೆಳಗೇ ಇದ್ದಳು. ನಿನಗೆ ಗೀಸರ್ ಇಲ್ಲ ಅಂತ ಗೋಳು.'

ಹೊರಡುವ ದಿನ ಬಿಲ್ಲಿನಲ್ಲಿ ಅಗ್ಗಿಷ್ಟಿಕೆಯ ಸೌದೆಗೆ ಬೇರೆ ಸಾಲು, ಹೊಗೆ ಮಾತ್ರ ಪುಕ್ಕಟೆ. ಮ್ಯಾನೇಜರು ದಪ್ಪ ರಟ್ಟಿನ ಅತಿಥಿ ಪುಸ್ತಕ ತಂದು, ಹಿರಿಯರು ನಾಲ್ಕು ಮಾತು ಬರೆಯಬೇಕೆಂದು ಅತ್ತೆಗೆ ಪೆನ್ನು ಕೊಟ್ಟರು. ಅತ್ತೆ ಕೂತು ದುಂಡನೆ ಕನ್ನಡದಲ್ಲಿ ಪುಟ ತುಂಬಿಸಿದರು. ಬಚ್ಚಲಲ್ಲಿ ಚೊಂಬಿಲ್ಲ, ನೆಲಕ್ಕೆ ಮೊಳೆ ಹೊಡೆಸಿ, ಕಡವೆ ತಲೆಗೆ ಧೂಳು ಹೊಡೆದು ಎಷ್ಟು ವರ್ಷವಾಯಿತು, ಕಾಫಿ ಮಾಡುವುದನ್ನು ಆ ಹುಡುಗನ ತಾಯಿಯಿಂದ ಕಲಿಯಿರಿ. ಕೆಳಗೆ ಸಹಿ, ಊರು, ತಾಲ್ಲೂಕು.

ಮ್ಯಾನೇಜರು ಅಕ್ಷರಗಳ ಚೆಂದಕ್ಕೆ ಮಾರುಹೋದರು. ಮೊಬೈಲಲ್ಲಿ ಫೋಟೋ ತೆಗೆದುಕೊಂಡು, ಇದಕ್ಕೆ ಚೌಕಟ್ಟು ಹಾಕಿಸಿ ಹಜಾರದಲ್ಲಿ ದೊರೆಯ ಪತ್ರದ ಪಕ್ಕದಲ್ಲೇ ತೂಗುಹಾಕುತ್ತೇವೆ ಅಂದರು. ಅತ್ತೆ, ಸ್ವಲ್ಪ ಎತ್ತರಕ್ಕೇ ಹಾಕಿ ಅಂದರು.