ಸಿಗ್ನಲ್ಲಿಗೆ ಶನಿವಾರ ಗೊತ್ತಾಗುವುದು ಹೇಗೆ?

ಹೋದ ಶನಿವಾರ ಅಪ್ಪನ ಕಣ್ಣು ತೋರಿಸಲು ಮೈಸೂರಿಗೆ ಹೋಗಿದ್ದೆವು. ಮಡಿಕೇರಿಯನ್ನು ಕತ್ತಲಿರುವಾಗಲೇ ಬಿಟ್ಟಿದ್ದರಿಂದ ಅಲ್ಲಿ ಸೇರಿದಾಗ ರಸ್ತೆ ಇನ್ನೂ ಖಾಲಿ. ಒಂದು ಸರ್ಕಲ್‌ನಲ್ಲಿ ಕೆಂಪು ದೀಪ ಬಿತ್ತು, 90ರಿಂದ ಎಣಿಕೆ ಶುರು. ಅಡ್ಡರಸ್ತೆಯಲ್ಲಿ ಒಂದು ಹಾಲಿನ ಗಾಡಿ ಹೋಯಿತು, ಆಮೇಲೆ ನರಪಿಳ್ಳೆ ಇಲ್ಲ. 60ರವರೆಗೆ ಸುಮ್ಮನಿದ್ದ ಅಪ್ಪ ‘ನಾವೀಗ ಯಾರಿಗೆ ದಾರಿ ಬಿಟ್ಟು ನಿಂತಿದ್ದೇವೆ?’ ಅಂದರು. ಕಣ್ಣು ತೋರಿಸಬೇಕಾದ್ದು ಅಪ್ಪನಿಗಲ್ಲ, ಆ ಸಿಗ್ನಲ್ಲಿಗೆ ಅನಿಸಿತು.

ಅದರ ತಪ್ಪಲ್ಲ ಬಿಡಿ. ಇಂಥ ಸಿಗ್ನಲ್ಲಿಗೆ ಯಾವಾಗಲೋ ಒಮ್ಮೆ ಗಾಡಿ ಎಣಿಸಿ, ಈ ಕಡೆಗೆ ಇಷ್ಟು, ಆ ಕಡೆಗೆ ಇಷ್ಟು ಸೆಕೆಂಡು ಅಂತ ತುಂಬಿಸಿ ಹೋಗಿರುತ್ತಾರೆ. ಜಾಸ್ತಿ ಅಂದರೆ ಬೆಳಿಗ್ಗೆಗೊಂದು, ಸಂಜೆಗೊಂದು ಲೆಕ್ಕ. ಊರು ಬೆಳೆದರೂ ಅದು ಹಳೇ ಲೆಕ್ಕವನ್ನೇ ಹೇಳುತ್ತಿರುತ್ತದೆ.

ನಮ್ಮೂರಲ್ಲೂ ‘ಇಲ್ಲೊಂದು ಸಿಗ್ನಲ್ ಹಾಕಿಬಿಡಿ’ ಅನ್ನುವ ಮಾತು ಆಗಾಗ ಬರುತ್ತದೆ ಅಲ್ವಾ? ನನ್ನ ತಕರಾರು ಇಲ್ಲೇ. ಕೊಡಗಿನ ಮಂಗಳವಾರಕ್ಕೂ ಶನಿವಾರಕ್ಕೂ ಸಂಬಂಧವೇ ಇಲ್ಲ. ವಾರದ ದಿನ ತೋಟದ ಜೀಪು, ಶಾಲೆ ಬಸ್ಸು, ನಾಲ್ಕು ಆಟೋ. ಶನಿವಾರ ಬೆಳಿಗ್ಗೆ ಟೂರಿಸ್ಟ್ ಗಾಡಿಗಳೆಲ್ಲ ಕುಶಾಲನಗರದಿಂದ ಮೇಲಕ್ಕೆ, ಭಾನುವಾರ ಸಂಜೆ ಅವೇ ಗಾಡಿ ಕೆಳಕ್ಕೆ. ಶುಕ್ರವಾರ ಮಡಿಕೇರಿ ಸಂತೆ. ಮೂರು ದಿನ ರಜೆ ಒಟ್ಟಿಗೆ ಬಂದರಂತೂ ಕೇಳುವುದೇ ಬೇಡ. ಇದಕ್ಕೆಲ್ಲ ಒಂದೇ ಲೆಕ್ಕ ಹಾಕುವವರು ಯಾರು? ಹಾಕುವುದಾದರೆ ಗಾಡಿ ನೋಡಿ ಬದಲಾಗುವ ಸಿಗ್ನಲ್ಲೇ ಹಾಕಬೇಕು, ಇಲ್ಲವಾದರೆ ಈಗಿರುವ ಹಾಗೇ ಇರಲಿ.

ನೋಡಿ ಬದಲಾಗುವುದರಲ್ಲೂ ಎರಡು ಬಗೆ ಇದೆ. ಸರಳವಾದದ್ದು, ಗಾಡಿ ಬರುತ್ತಿರುವವರೆಗೆ ಹಸಿರನ್ನು ಸ್ವಲ್ಪ ಸ್ವಲ್ಪ ಎಳೆಯುತ್ತದೆ, ಸಾಲು ಕಡಿದ ಕೂಡಲೇ ಮುಚ್ಚುತ್ತದೆ. ಇಷ್ಟಕ್ಕಿಂತ ಎಳೆಯಬಾರದು ಅಂತ ಮಿತಿಯೂ ಇರುತ್ತದೆ, ಇಲ್ಲದಿದ್ದರೆ ಸಣ್ಣ ರಸ್ತೆಯವನು ಸಂಜೆವರೆಗೆ ಅಲ್ಲೇ. ಎರಡನೆಯದು ‘ಅಡಾಪ್ಟಿವ್’. ಅಕ್ಕಪಕ್ಕದ ಸರ್ಕಲ್‌ಗಳನ್ನೂ ಸೇರಿಸಿಕೊಂಡು, ದೀಪಗಳ ಒಂದು ಸುತ್ತು ಎಷ್ಟು ಹೊತ್ತು ಇರಬೇಕು, ಯಾರಿಗೆ ಎಷ್ಟು ಪಾಲು, ಇಲ್ಲಿ ಬಿಟ್ಟ ಗಾಡಿ ಅಲ್ಲಿಗೆ ಮುಟ್ಟುವಾಗ ಅಲ್ಲೂ ಹಸಿರು ಇರುತ್ತದಾ ಅಂತ ಎಲ್ಲ ಒಟ್ಟಿಗೆ ತೂಗುತ್ತದೆ. ಇದೇನೂ ನಿನ್ನೆ ಮೊನ್ನೆಯದಲ್ಲ. ಸಿಡ್ನಿಯ ‘ಸ್ಕ್ಯಾಟ್ಸ್’ 1970ರ ದಶಕದ್ದು. ಆದರೆ ಹೊರಗಿನ ವ್ಯವಸ್ಥೆಗಳು ಲೇನ್ ಹಿಡಿದು ಹೋಗುವವರನ್ನು ನಂಬಿ ಮಾಡಿದವು. ನಮ್ಮಲ್ಲಿ ಬಸ್ಸಿನ ಸಂದಿಯಲ್ಲಿ ನಾಲ್ಕು ಬೈಕು ನುಸುಳಿ ಮುಂದೆ ಬಂದು ನಿಲ್ಲುತ್ತವೆ. ಅದಕ್ಕೇ ತಿರುವನಂತಪುರದ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯವರು ನಮ್ಮ ರಸ್ತೆಗೆಂದೇ ‘ಕೊಸಿಕಾಸ್ಟ್’ ಅಂತ ಒಂದು ಮಾಡಿದರು, ಬೆಂಗಳೂರಲ್ಲಿ ಅದು ಬಳಕೆಯಲ್ಲಿದೆ.

ಬೇಗ ಬೇಗ ಬದಲಾಯಿಸಿದರೆ ಸಾಕಲ್ಲ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಹಾಗಲ್ಲ. ದೀಪ ಬದಲಾದಾಗಲೆಲ್ಲ ಒಂದಷ್ಟು ಸೆಕೆಂಡು ದಂಡ. ಮುಂದಿನವನು ಗೇರ್ ಹಾಕಬೇಕು, ಅದಕ್ಕೂ ಮೊದಲು ಹಸಿರಿದ್ದ ಕಡೆಯ ಗಾಡಿಗಳು ಸರ್ಕಲ್ ದಾಟಿ ಮುಗಿಯಬೇಕು. ನಮ್ಮ ಏರಿನಲ್ಲಿ ಮರ ತುಂಬಿದ ಲಾರಿ ನಿಂತು ಮತ್ತೆ ಹೊರಡುವುದನ್ನು ನೋಡಿದವರಿಗೆ ಈ ದಂಡ ಎಷ್ಟು ಅಂತ ಹೇಳಬೇಕಾಗಿಲ್ಲ.

ಇನ್ನೊಂದು, ಎಣಿಕೆ ತೋರಿಸುವ ಆ ಬೋರ್ಡು. ಹಸಿರು ಎಷ್ಟು ಹೊತ್ತು ಅಂತ ಸಿಗ್ನಲ್ಲಿಗೇ ಮೊದಲೇ ನಿಶ್ಚಯ ಇಲ್ಲದಿದ್ದರೆ ಅದು ಎಣಿಸಿ ತೋರಿಸುವುದು ಕಷ್ಟ. 90, 89 ನೋಡುತ್ತಾ ಇಂಜಿನ್ ಆಫ್ ಮಾಡುವ ನಮಗೆ ಅದಿಲ್ಲ ಅಂದರೆ ಕೈಕಾಲೇ ಆಡುವುದಿಲ್ಲ. ಬೈಗುಳ ಗ್ಯಾರಂಟಿ.

ಮತ್ತೆ ನಮ್ಮ ಮಳೆ. ಜುಲೈ ಮಂಜಿನಲ್ಲಿ ಎದುರಿನ ಬಸ್ಸೇ ಕಾಣದಿರುವಾಗ ಗಾಡಿ ಎಣಿಸುವ ಕಂಬದ ಮೇಲಿನ ಕ್ಯಾಮೆರಾಕ್ಕೆ ಏನು ಕಾಣುತ್ತದೆ? ರಸ್ತೆಯೊಳಗೆ ಗಾಡಿ ಹಾದದ್ದು ಗೊತ್ತಾಗುವ ತಂತಿಯ ಸುರುಳಿ ಹೂತರೆ ಮಂಜಿನ ತೊಂದರೆ ಇಲ್ಲ, ಆದರೆ ಪೈಪಿಗೆ ಅಂತ ಒಮ್ಮೆ ಅಗೆದರೆ ಕಥೆ ಮುಗಿಯಿತು. ರಾಡಾರ್ ಮಂಜಿಗೆ ಅಷ್ಟು ಹೆದರುವುದಿಲ್ಲ. ಟೆಂಡರ್ ಬರೆಯುವವರು ಒಂದು ಮಳೆಗಾಲ ಇಲ್ಲಿದ್ದು ಬರೆಯಲಿ. ನಡೆಯುವವರನ್ನೂ ಎಣಿಸಲಿ. ಸಂತೆ ದಿನ ಎರಡು ಕೈಯಲ್ಲೂ ಚೀಲ ಹಿಡಿದ ಅಜ್ಜಿ ರಸ್ತೆ ದಾಟಲು ಯಾವ ಗುಂಡಿ ಒತ್ತಬೇಕು? ದಸರಾ ರಾತ್ರಿ ಹತ್ತು ದೇವರ ಮಂಟಪ ಮೆರವಣಿಗೆ ಹೊರಟಾಗ ಎಲ್ಲ ಆಫ್ ಮಾಡಿ ಪೊಲೀಸರ ಕೈಗೆ ಕೊಡಲಿ. ಸರ್ಕಲ್ ಬಾಯಲ್ಲೇ ಎರಡೂ ಕಡೆ ಕಾರು ನಿಲ್ಲಿಸಿದ್ದರೆ ಮಾತ್ರ ಯಾವ ಬುದ್ಧಿವಂತ ಸಿಗ್ನಲ್ಲೂ ಏನೂ ಮಾಡಲಾಗದು. ಮುಂದೆ ಜಾಗವೇ ಇಲ್ಲದ ಮೇಲೆ ಹಸಿರು ಯಾಕೆ?

ವಾಪಸ್ ಬರುವಾಗ ಕುಶಾಲನಗರದಲ್ಲಿ ಮೇಲೆ ಹತ್ತುವ ಟೂರಿಸ್ಟ್ ಸಾಲಿನಲ್ಲಿ ನಾವೂ ಸಿಕ್ಕಿಬಿದ್ದೆವು. ಸರ್ಕಲ್‌ನಲ್ಲಿ ಒಬ್ಬ ಕಾನ್ಸ್‌ಟೇಬಲ್ ನಿಂತಿದ್ದರು. ನಮ್ಮ ಸಾಲಿನ ಬಾಲ ಎಲ್ಲಿದೆ ಅಂತ ಕತ್ತು ಉದ್ದ ಮಾಡಿ ನೋಡಿದರು, ಆ ಕಡೆಯವರನ್ನು ತಡೆದರು, ನಮ್ಮಲ್ಲಿ ಅರ್ಧ ಬಿಟ್ಟರು, ನಡುವೆ ಇಬ್ಬರು ಮಕ್ಕಳು ದಾಟಲು ನಿಂತಿದ್ದು ಕಂಡು ನಮಗೂ ಕೈ ಅಡ್ಡ ಹಿಡಿದರು. ಅಪ್ಪನ ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಎಲ್ಲ ಮಂಜು ಮಂಜು. ‘ಇಲ್ಲೂ ಸಿಗ್ನಲ್ ಹಾಕಿದ್ದಾರಾ?’ ಅಂತ ಕೇಳಿದರು.