ದೋಸೆಗೆ ತೂತಿದೆ, ಫೋನಿಗಿಲ್ಲ

ಎಲ್ಲರ ಮನೆ ದೋಸೆಯೂ ತೂತೇ ಅಂತ ಹಿರಿಯರು ಹೇಳಿಟ್ಟರು. ಫೋನಿನ ಬಗ್ಗೆ ಏನೂ ಹೇಳಲಿಲ್ಲ. ಹೇಳಿದ್ದರೆ ನನ್ನ ಭಾವಮೈದ ಇವತ್ತು ಅಂಗಿ ಜೇಬಿನಲ್ಲಿ ಇಟ್ಟಿಗೆ ಹೊತ್ತು ತಿರುಗುತ್ತಿರಲಿಲ್ಲ.

ಇಟ್ಟಿಗೆ ಅಂದರೆ ಪೋರ್ಟಬಲ್ ಹೆಡ್‌ಫೋನ್ ಆಂಪ್ಲಿಫೈಯರ್, ಹೆಡ್‌ಫೋನಿಗೆ ಹೋಗುವ ಹಾಡಿಗೆ ಬಲ ತುಂಬುವ ಯಂತ್ರ. ಸೋಪಿನ ಡಬ್ಬಿಯಷ್ಟು ದೊಡ್ಡದು. ಅದನ್ನು ಫೋನಿನ ಬೆನ್ನಿಗೆ ಎರಡು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದಾನೆ. ಯಂತ್ರಕ್ಕೆ ಹದಿನೆಂಟು ಸಾವಿರ. ರಬ್ಬರ್ ಬ್ಯಾಂಡ್ ಮಾತ್ರ ಕೊತ್ತಂಬರಿ ಕಟ್ಟಿನ ಜೊತೆ ಪುಕ್ಕಟೆ ಬಂದದ್ದು. ಜೇಬು ಭಾರಕ್ಕೆ ಜೋತುಬಿದ್ದು ಮನುಷ್ಯ ಒಂದು ಕಡೆ ವಾಲಿಕೊಂಡೇ ನಡೆಯುತ್ತಾನೆ.

ದಿನಾ ವಿಜಯನಗರದಿಂದ ವೈಟ್‌ಫೀಲ್ಡಿಗೆ ಮೆಟ್ರೋದಲ್ಲಿ ಹೋಗುತ್ತಾನೆ. ಮೊದಲ ದಿನವೇ ತಪಾಸಣೆಯ ಕಡೆ ತಡೆದರು.

'ಏನ್ ಸಾರ್ ಇದು?'

'ಆಂಪ್.'

'ಲ್ಯಾಂಪಾ? ಎಲ್ಲಿ, ಹತ್ತಿಸಿ ತೋರ್ಸಿ.'

ಇವನು ಸ್ವಿಚ್ ಒತ್ತಿದ. ಸಾಸಿವೆ ಕಾಳಿನಷ್ಟು ನೀಲಿ ಬೆಳಕು ಹತ್ತಿತು. 'ಸರಿ, ಹೋಗಿ' ಅಂದರು. ಹದಿನೆಂಟು ಸಾವಿರಕ್ಕೆ ಇಷ್ಟೇ ಬೆಳಕಾ ಅನ್ನುವ ಹಾಗೆ ನೋಡಿದರಂತೆ.

ಈ ಕಥೆ ಶುರುವಾದದ್ದು ಒಂದು ತೂತಿನಿಂದ. ಹೆಡ್‌ಫೋನ್ ಚುಚ್ಚುವ 3.5 ಮಿಲಿಮೀಟರ್ ತೂತು. ಅದರ ಅಜ್ಜ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿತ್ತು. 1979ರಲ್ಲಿ ಬಂದ ಸೋನಿಯ ಮೊದಲ ವಾಕ್‌ಮನ್‌ಗೆ ಇಂಥವು ಎರಡಿದ್ದವು, ಇಬ್ಬರು ಒಟ್ಟಿಗೆ ಕೇಳಲಿ ಅಂತ. 2016ರಲ್ಲಿ ಆಪಲ್ ಕಂಪನಿ ಐಫೋನ್ 7ರಲ್ಲಿ ಆ ತೂತನ್ನೇ ಮುಚ್ಚಿತು. ಯಾಕೆ ಅನ್ನುವುದಕ್ಕೆ ವೇದಿಕೆ ಮೇಲೆ ನಿಂತ ಆಪಲ್‌ನ ಮಾರ್ಕೆಟಿಂಗ್ ಮುಖ್ಯಸ್ಥ ಫಿಲ್ ಶಿಲ್ಲರ್ ಕೊಟ್ಟ ಉತ್ತರ ಒಂದೇ ಪದ: ಧೈರ್ಯ. ಗ್ರಾಹಕನನ್ನು ಕೇಳದೆ ಅವನ ಮನೆ ಕಿಟಕಿ ಕಿತ್ತುಕೊಂಡು ಹೋಗುವುದಕ್ಕೂ ಧೈರ್ಯ ಬೇಕು, ಅದನ್ನು ಒಪ್ಪಲೇಬೇಕು. ಅದೇ ವರ್ಷ ಗೂಗಲ್ ತನ್ನ ಪಿಕ್ಸೆಲ್ ಫೋನಿನ ಜಾಹೀರಾತಿನಲ್ಲಿ ನಮ್ಮದರಲ್ಲಿ ತೂತಿದೆ ನೋಡಿ ಅಂತ ಕಿಚಾಯಿಸಿತು. ಮಾರನೇ ವರ್ಷ ಪಿಕ್ಸೆಲ್ 2 ಬಂತು. ಧೈರ್ಯ ಅಲ್ಲಿಗೂ ಹರಡಿತ್ತು.

ತೂತಿನ ಹಿಂದೆ, ಫೋನಿನ ಒಳಗೇ, ಅಂಕಿಗಳನ್ನು ಹಾಡು ಮಾಡುವ ಒಂದು ಚಿಪ್ ಮತ್ತು ಒಂದು ಪುಟ್ಟ ಆಂಪ್ ಇತ್ತು. ತೂತು ಹೋದ ಮೇಲೆ ಅದೇ ಕೆಲಸ ಚಾರ್ಜಿನ ತೂತಿಗೆ ಚುಚ್ಚುವ ಚೋಟುದ್ದದ ಬಾಲಕ್ಕೆ ಬಂತು. ಅದರ ಹೆಸರು ಡಾಂಗಲ್. ಆಪಲ್ ಮೊದಲು ಅದನ್ನು ಫೋನಿನ ಡಬ್ಬದಲ್ಲೇ ಇಟ್ಟು ಕೊಡುತ್ತಿತ್ತು. 2018ರಲ್ಲಿ ಅದನ್ನೂ ತೆಗೆದು, ಬೇಕಾದರೆ ಕೊಂಡುಕೊಳ್ಳಿ ಅಂತು. ನಮ್ಮದೇ ಬಾವಿ ಮುಚ್ಚಿ ನಮಗೇ ಟ್ಯಾಂಕರ್ ನೀರು ಮಾರುವ ಈ ವ್ಯಾಪಾರ ಬೆಂಗಳೂರಿನವರಿಗೆ ಹೊಸದೇನಲ್ಲ, ಅಲ್ವಾ.

ಡಾಂಗಲ್ ಸಾಲದು ಅಂತ ಭಾವಮೈದನಿಗೆ ಯಾರೋ ಹೇಳಿದರು. 'ಇದಕ್ಕೆ ದಮ್ಮಿಲ್ಲ ಭಾವ. ಹೆಡ್‌ಫೋನಿಗೆ ಓಮ್ ಜಾಸ್ತಿ ಇದ್ರೆ ಆಂಪ್ ಬೇಕೇ ಬೇಕು' ಅಂತ ಊಟದ ಹೊತ್ತಲ್ಲಿ ನನಗೆ ಪಾಠ ಮಾಡಿದ. ಅಡುಗೆಮನೆಯಿಂದ ಅತ್ತೆ ಖುಷಿಯಾಗಿ ಕೂಗಿದರು: 'ಅಂತೂ ಓಂ ಅನ್ನೋದು ಕಲ್ತ್ಯಲ್ಲೋ, ಒಳ್ಳೇದಾಯ್ತು.'

ಅವನು ಹೇಳಿದ್ದು ಸುಳ್ಳಲ್ಲ. ಓಮ್ ಅಂದರೆ ವಿದ್ಯುತ್ತಿಗೆ ಅಡ್ಡ ಬರುವ ತಡೆಯ ಅಳತೆ. ಸೆನ್‌ಹೈಸರ್ ಎಚ್‌ಡಿ 600 ಥರದ ಹೆಡ್‌ಫೋನ್ 300 ಓಮ್. ಅದಕ್ಕೆ ಫೋನಿನ ಶಕ್ತಿ ಸಾಲದೆ ಹಾಡು ಸೊರಗಬಹುದು, ಆಂಪ್ ಹಾಕಿದರೆ ಚೇತರಿಸಿಕೊಳ್ಳುತ್ತದೆ. ಆದರೆ ಇವನ ಕಿವಿಯಲ್ಲಿದ್ದದ್ದು 16 ಓಮಿನ ಪುಟ್ಟ ಇಯರ್‌ಫೋನ್. ಪಿಸುಮಾತಿಗೇ ಕುಣಿಯುವ ಜಾತಿ. ಅದಕ್ಕೆ ಈ ಆಂಪ್ ಹಚ್ಚುವುದೆಂದರೆ ಒಗ್ಗರಣೆ ಸೌಟಿನ ಕೆಳಗೆ ಮದುವೆ ಮನೆ ಒಲೆ ಉರಿಸಿದ ಹಾಗೆ. ಹಾಡು ಶುರುವಾಗುವ ಮೊದಲೇ ಸುಯ್ ಅಂತ ಸದ್ದು. ಏನೋ ಇದು ಅಂದರೆ, 'ಅದು ಸ್ಟುಡಿಯೋ ಗಾಳಿ ಭಾವ, ಮೊದಲು ಕೇಳಿಸ್ತಿರ್ಲಿಲ್ಲ' ಅಂದ.

ಒಂದು ಭಾನುವಾರ ಪರೀಕ್ಷೆ ಮಾಡಿದೆವು. ಕಣ್ಣಿಗೆ ಟವೆಲ್ ಕಟ್ಟಿ ಕೂರಿಸಿದೆ. ಅರವತ್ತರ ದಶಕದ ಪಿ.ಬಿ. ಶ್ರೀನಿವಾಸ್ ಹಾಡು. ಒಮ್ಮೆ ಆಂಪಿನಲ್ಲಿ, ಒಮ್ಮೆ ಬರೀ ಡಾಂಗಲ್‌ನಲ್ಲಿ. ಡಾಂಗಲ್ ಸರದಿಯಲ್ಲಿ ನಾನು ವಾಲ್ಯೂಮ್ ಎರಡು ಗೆರೆ ಏರಿಸಿದೆ, ಅಷ್ಟೇ ನನ್ನ ಮೋಸ. ಇವನು ತಲೆದೂಗಿಬಿಟ್ಟ. 'ಇದೇ ಆಂಪ್! ಎಡಕ್ಕೆ ಕೊಳಲು, ಬಲಕ್ಕೆ ಪಿಟೀಲು, ಎಷ್ಟು ಬಿಡಿಬಿಡಿಯಾಗಿ ಕೂತಿದೆ ನೋಡಿ.' ಆ ಹಾಡು ಮೋನೋ. ಎಡಕ್ಕೆ ಬಂದದ್ದೇ ಬಲಕ್ಕೂ ಬರುವುದು. ಸ್ವಲ್ಪ ಜೋರಾದದ್ದು ನಮ್ಮ ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ, ಅಂಗಡಿಯವರಿಗೆ ಈ ಗುಟ್ಟು ಗೊತ್ತು. ಟವೆಲ್ ಬಿಚ್ಚಿದ ಮೇಲೆ ಅವನು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಂಪಿನ ಡಬ್ಬದ ಮೇಲೆ 192 ಕಿಲೋಹರ್ಟ್ಜ್ ಅಂತ ಚಿನ್ನದ ಅಕ್ಷರದಲ್ಲಿ ಬರೆದಿದೆ. ಅಂದರೆ ಸೆಕೆಂಡಿಗೆ 1,92,000 ಸಲ ಅಳೆದ ಸದ್ದು; ಅದರ ಅರ್ಧ, 96,000 ಹರ್ಟ್ಜ್‌ವರೆಗಿನ ಸದ್ದಿಗೆ ಅದರಲ್ಲಿ ಜಾಗ ಇದೆ. ಮನುಷ್ಯನ ಕಿವಿ ಎಳೆ ವಯಸ್ಸಿನಲ್ಲೇ 20,000ಕ್ಕೆ ಸುಸ್ತು, ಇವನಿಗೆ ನಲವತ್ತೆರಡು. ಉಳಿದದ್ದನ್ನು ಊರ ಗುಡಿಯ ಬಾವಲಿಗಳು ಆನಂದಿಸಬಹುದು.

ಇಷ್ಟೆಲ್ಲ ಸೂಕ್ಷ್ಮ ಕೇಳುವುದಾದರೂ ಎಲ್ಲಿ? ಮೆಜೆಸ್ಟಿಕ್‌ನಲ್ಲಿ ಬಾಗಿಲು ತೆಗೆದಾಗ. ಪಕ್ಕದ ಯಜಮಾನರು ಇಯರ್‌ಫೋನ್ ಇಲ್ಲದೆ ರೀಲ್ಸ್ ನೋಡುತ್ತಿರುತ್ತಾರೆ, ಹಿಂದಿನವರು ಆಫೀಸಿನ ಮೀಟಿಂಗನ್ನು ಇಡೀ ಬೋಗಿಗೆ ಹಂಚುತ್ತಿರುತ್ತಾರೆ. ಅದನ್ನು ಮೀರಿಸಲು ಇವನು ಗುಂಡಿ ತಿರುಗಿಸುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ಕಿವಿಗೂ ರೇಷನ್ ಕಾರ್ಡ್ ಮಾಡಿಟ್ಟಿದೆ: 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ 4 ಗಂಟೆ. ನಮ್ಮವನ ವಾರದ ಅಕ್ಕಿ ಮಂಗಳವಾರಕ್ಕೇ ಖಾಲಿ.

ಇನ್ನೊಂದು ಫಜೀತಿ ಉಳಿದಿತ್ತು. ಫೋನಿಗೆ ಉಳಿದಿರುವುದು ಚಾರ್ಜಿನ ತೂತು ಒಂದೇ. ಅದರಲ್ಲಿ ಆಂಪ್ ಕೂತರೆ ಚಾರ್ಜಿಲ್ಲ, ಚಾರ್ಜ್ ಕೂತರೆ ಹಾಡಿಲ್ಲ. ಅದಕ್ಕೆ ಒಂದನ್ನು ಎರಡು ಮಾಡುವ ಇನ್ನೊಂದು ಬಾಲ ಬಂತು. ಆಂಪಿಗೂ ಬ್ಯಾಟರಿ ಇದೆ, ಅದಕ್ಕೂ ಊಟ ಬೇಕು, ಪವರ್ ಬ್ಯಾಂಕ್ ಬಂತು. ಈಗ ಹಾಡು ಕೇಳುವ ಮೊದಲು ಇವನು ವೈರ್‌ಗಳನ್ನು ಬಿಡಿಸುವುದನ್ನು ನೋಡಿದರೆ ನೂಲು ಸಿಕ್ಕಾದ ಮಗ್ಗದ ಮುಂದೆ ಕೂತ ಹಾಗಿರುತ್ತದೆ. ಸಿಕ್ಕು ಬಿಡುವ ಹೊತ್ತಿಗೆ ವೈಟ್‌ಫೀಲ್ಡ್ ಬಂದಿರುತ್ತದೆ.

ಮೊನ್ನೆ ಸಂಜೆ ಮನೆಗೆ ಬಂದ. ಜೇಬು ಹಗುರವಾಗಿತ್ತು. ಸ್ವಲ್ಪ ಹೊತ್ತು ಕಾಫಿ ಕುಡಿದು ನಿಧಾನಕ್ಕೆ ಕೇಳಿದ.

'ಭಾವ, ನಿಮ್ಮ ಹತ್ರ ಒಂದು ಹಳೇ ಫೋನ್ ಇತ್ತಲ್ಲ, ತೂತು ಇರೋದು?'

ಇತ್ತು. ಡ್ರಾಯರ್‌ನಲ್ಲಿತ್ತು. ಗಾಡಿಯಲ್ಲಿ ಹಳೇ ಮೊಬೈಲ್ ತಗೊಳ್ತೀವಿ ಅಂತ ಮೈಕಿನಲ್ಲಿ ಕೂಗಿಕೊಂಡು ಬರುತ್ತಾರಲ್ಲ, ಅವರಿಗೆ ಇವನ ಅಕ್ಕ ಅದನ್ನು ಕೊಟ್ಟು ಪ್ಲಾಸ್ಟಿಕ್ ಬಕೆಟ್ ತಗೊಂಡಿದ್ದಾಳೆ. ಆ ಬಕೆಟ್ ಬಚ್ಚಲಲ್ಲೇ ಇದೆ, ಬೇಕಾದರೆ ತಗೊಂಡು ಹೋಗು ಅಂದೆ. ಹೋದ ವಾರ ಅದಕ್ಕೂ ತೂತು ಬಿದ್ದಿದೆ.